ಮಲೆನಾಡಿನ ಹಿತ್ತಿಲಿಗೆ ಎರಡು ದಿನ ಸಾಲದು

ಬ್ರಿಟನ್ನಿನ ತೋಟಗಾರ್ತಿ ಚಾರ್ಲಿ ಡಿಮಾಕ್, ಎರಡೇ ದಿನದಲ್ಲಿ ಹಿತ್ತಿಲಿಗೆ ಹೊಸ ರೂಪ ಕೊಡುತ್ತಿದ್ದ ಬಿಬಿಸಿಯ ಟಿವಿ ಕಾರ್ಯಕ್ರಮ ‘ಗ್ರೌಂಡ್ ಫೋರ್ಸ್’ನಲ್ಲಿ (1997–2005) ಹೆಸರು ಮಾಡಿದ್ದೇ ನೀರಿನ ಕೊಳಗಳಿಂದ, ನಿಜ. ಆದರೆ ‘ಅಂಥ ಕೊಳ ನಮ್ಮ ಹಿತ್ತಿಲಲ್ಲೂ ಎರಡೇ ದಿನದ ಕೆಲಸ’ ಅಂತ ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರೋದು ತೀರ್ಥಹಳ್ಳಿ, ಹೊಸನಗರದ ಕಡೆ ನಡೆಯಲ್ಲ. ಗುಂಡಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ಜೂನ್ ತನಕ ಚಂದ. ಜುಲೈಯಲ್ಲಿ ಒರತೆ ಎದ್ದಾಗ ಅಡಿಯ ನೀರು ಹಾಳೆಯನ್ನು ಪೂರಿಯ ಹಾಗೆ ಉಬ್ಬಿಸುತ್ತೆ, ಅಂಚಿನ ಕಲ್ಲು ಜಾರುತ್ತೆ, ಮೀನು ಚರಂಡಿಗೆ. ಮೊದಲು ಧರೆಯ (ಗುಡ್ಡ ಕಡಿದ ದಿಬ್ಬದ) ಬದಿಗೆ, ಗುಂಡಿಯ ತಳಕ್ಕಿಂತ ಅರ್ಧ ಅಡಿ ಆಳವಾಗಿ ಬಸಿಗಾಲುವೆ ತೆಗೆದು, ತೂತಿನ ಪೈಪಿಟ್ಟು ಜಲ್ಲಿ ತುಂಬಬೇಕು. ಆ ನೀರು ಇಳಿಜಾರಿಗೆ ಹೋಗಬೇಕು. ತಗ್ಗು ಜಾಗವಾದರೆ ನೆಲದ ಮೇಲೆ ಸಿಮೆಂಟ್ ತೊಟ್ಟಿಯೇ ವಾಸಿ. ಹೊಸದಾಗಿ ತುಂಬಿದ ಮಣ್ಣಿನ ಮೇಲಂತೂ ಒಂದು ಮಳೆಗಾಲ ಕಳೆಯೋ ತನಕ ಕಲ್ಲು ಹಾಸಲೇಬೇಡಿ.