ಸರ್ಟಿಫಿಕೇಟ್ ನೋಡಬೇಡ ಅಂತ ಹೇಳಿಕೊಡುವ ಆಫೀಸುಗಳು

ಬೆಳಗ್ಗೆಯಿಂದ ಮೈ ಉರಿಯುತ್ತಿದೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದವಳು, ಪೈಥಾನ್‌ಗೆ ಪಾಂಡಾಸ್ ಎಂಬ ಡೇಟಾ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋಕೆ ಹೊರಟಳು. ಮನೆಯಲ್ಲಾದರೆ ಒಂದೇ ಸಾಲಿನ ಕೆಲಸ. ಇಲ್ಲಿ ಸ್ಕ್ರೀನ್ ತುಂಬ ಎರರ್. 'ಸರ್ಟಿಫಿಕೇಟ್ ವೆರಿಫೈ ಫೇಲ್ಡ್'. ಅಂದರೆ, ಎದುರಿನ ಸೈಟ್ ತೋರಿಸಿದ ಗುರುತಿನ ಚೀಟಿ ನಂಬೋ ಹಾಗಿಲ್ಲ ಅಂತ. ಪಕ್ಕದ ಸೀಟಿನ ಸೀನಿಯರ್ ಎದ್ದು ಬಂದು, ಅವಳ ಕೀಬೋರ್ಡ್ ಎಳೆದುಕೊಂಡು, 'ಟ್ರಸ್ಟೆಡ್ ಹೋಸ್ಟ್' (ಈ ಸೈಟಿನ ಸರ್ಟಿಫಿಕೇಟ್ ನೋಡಬೇಡ) ಅಂತ ಸೇರಿಸಿ ಎಂಟರ್ ಒತ್ತಿದರು. "ಇಲ್ಲಿ ಎಲ್ಲರೂ ಹೀಗೇ ಮಾಡೋದು, ಬರೆದಿಟ್ಕೊಳ್ಳಮ್ಮ" ಅಂದರು. ಅವಳು ಡೈರಿ ತೆಗೆದು ಬರೆದಿಟ್ಟುಕೊಂಡಳು.

ಸೀನಿಯರ್ ಕೆಟ್ಟವರಲ್ಲ. ಅವರಿಗೂ ಯಾರೋ ಹೀಗೇ ಹೇಳಿಕೊಟ್ಟಿದ್ದರು. ನನ್ನ ಸಿಟ್ಟು ಅವರ ಮೇಲಲ್ಲ, ಇದನ್ನೇ ಮಾಮೂಲು ಮಾಡಿಟ್ಟ ವ್ಯವಸ್ಥೆಯ ಮೇಲೆ.

ಆಗೋದು ಇಷ್ಟು. ಕಂಪನಿಯ ಫೈರ್‌ವಾಲ್ ಹೊರಗಿನಿಂದ ಬರುವ ಪ್ರತಿಯೊಂದನ್ನೂ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಹಚ್ಚಿ ಒಳಗೆ ಕಳಿಸುತ್ತದೆ. ಆ ಸರ್ಟಿಫಿಕೇಟನ್ನು ಐಟಿಯವರು ವಿಂಡೋಸ್‌ಗೆ ಮೊದಲೇ ಪರಿಚಯ ಮಾಡಿಸಿರುತ್ತಾರೆ. ಹಾಗಾಗಿ ಬ್ರೌಸರ್‌ಗೆ ತೊಂದರೆ ಇಲ್ಲ. ಆದರೆ ಪೈಥಾನ್ ಪ್ಯಾಕೇಜ್ ತರುವ ಹಳೇ ಪಿಪ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, ಜಾವಾ ಎಲ್ಲ ನಂಬಬಹುದಾದ ಸಹಿಗಳ ತಮ್ಮದೇ ಪಟ್ಟಿ ಇಟ್ಟುಕೊಂಡಿರುತ್ತವೆ. ಗುರುತಿಲ್ಲದ ಸಹಿ ಕಂಡ ಕೂಡಲೇ ನಿಂತುಬಿಡುತ್ತವೆ. ನಿಲ್ಲಲೇಬೇಕು, ಅದೇ ಅವುಗಳ ಕೆಲಸ! 2024ರಲ್ಲಿ ಬಂದ ಪಿಪ್ 24.2 ಈಗ ವಿಂಡೋಸ್‌ನ ಪಟ್ಟಿಯನ್ನೂ ನೋಡುತ್ತದೆ, ಆದರೆ ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಇರಬೇಕು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಹಳೇ ಪೈಥಾನೇ.

ಆಗ ಜನ ಏನು ಮಾಡುತ್ತಾರೆ? ಪಿಪ್‌ಗೆ ಟ್ರಸ್ಟೆಡ್ ಹೋಸ್ಟ್. ಕೋಡ್ ಇಡುವ ಗಿಟ್‌ಗೆ ಎಸ್‌ಎಸ್‌ಎಲ್ ವೆರಿಫೈ ಫಾಲ್ಸ್. ನೋಡ್‌ನ ಪ್ಯಾಕೇಜ್ ತರುವ ಎನ್‌ಪಿಎಂಗೆ ಸ್ಟ್ರಿಕ್ಟ್ ಎಸ್‌ಎಸ್‌ಎಲ್ ಫಾಲ್ಸ್. ಬಂದವರು ಯಾರು ಅಂತ ಕೇಳಲೇಬೇಡ ಅಂತ ವಾಚ್‌ಮನ್‌ಗೆ ಹೇಳಿದ ಹಾಗೆ. ಒಂದು ಸಲ ಕಾನ್ಫಿಗ್‌ನಲ್ಲಿ ಕೂತರೆ ಅದು ಅಲ್ಲೇ ಇರುತ್ತದೆ. ಅದೇ ಲ್ಯಾಪ್‌ಟಾಪ್ ಸಂಜೆ ಇಂದಿರಾನಗರದ ಕೆಫೆ ವೈಫೈಗೆ ಹೋಗುತ್ತದೆ. ಅಲ್ಲಿ ಫೈರ್‌ವಾಲ್ ಇರಲ್ಲ, ಸರ್ಟಿಫಿಕೇಟ್ ತಪಾಸಣೆಯೂ ಇರಲ್ಲ. ಸೆಕ್ಯೂರಿಟಿ ಹೆಸರಲ್ಲೇ ಇದೆಲ್ಲ ಆಗಿದ್ದು ಅಲ್ವಾ?

ಸರಿಯಾದ ದಾರಿ ಹಿಡಿದವರ ಪಾಡು ಕೇಳಿ. ಪೈಥಾನ್ ಪ್ಯಾಕೇಜ್‌ಗಳು ಸಿಗುವ ಪೈಪಿಐ ಸೈಟ್ ಇಲ್ಲಿ ಬ್ಲಾಕ್ ಆಗಿತ್ತು, ತೆರೆಯಿರಿ ಅಂತ ಟಿಕೆಟ್ ಹಾಕಿದೆ. ಮ್ಯಾನೇಜರ್ ಒಪ್ಪಿಗೆ, ಅವರ ಮೇಲಿನವರ ಒಪ್ಪಿಗೆ, ಎಲ್ಲ ಆಗಿ 'ಪೈಪಿಐ ಡಾಟ್ ಆರ್ಗ್' ತೆರೆದರು. ಆದರೆ ಫೈಲುಗಳು ಇರೋದು 'ಫೈಲ್ಸ್ ಡಾಟ್ ಪೈಥಾನ್‌ಹೋಸ್ಟೆಡ್ ಡಾಟ್ ಆರ್ಗ್'ನಲ್ಲಿ. ಪ್ಯಾಕೇಜಿನ ಹೆಸರು ಸಿಗುತ್ತದೆ, ಫೈಲ್ ಬರಲ್ಲ. ಮತ್ತೆ ಹೊಸ ಟಿಕೆಟ್, ಮತ್ತೆ ಅದೇ ಒಪ್ಪಿಗೆಗಳು. ಟ್ರಸ್ಟೆಡ್ ಹೋಸ್ಟ್‌ನಿಂದ ಈ ಬ್ಲಾಕ್ ತೆಗೆಯೋಕಾಗಲ್ಲ, ನಿಜ. ಆದರೆ ಇಷ್ಟು ಅಲೆದವರಿಗೆ ಸರ್ಟಿಫಿಕೇಟಿಗೂ ಇನ್ನೊಂದು ಟಿಕೆಟ್ ಹಾಕುವ ತಾಳ್ಮೆ ಎಲ್ಲಿ ಉಳಿದಿರುತ್ತದೆ?

"ಓಪನ್ ಸೋರ್ಸ್‌ನಲ್ಲಿ ಏನೇನೋ ಸೇರಿಕೊಂಡಿರುತ್ತೆ, 2024ರ ಎಕ್ಸ್‌ಜೆಡ್ ನೆನಪಿಲ್ವಾ" ಅನ್ನುತ್ತಾರೆ ಬ್ಲಾಕ್ ಮಾಡುವವರು. ಚೆನ್ನಾಗಿ ನೆನಪಿದೆ. ಎಕ್ಸ್‌ಜೆಡ್ ಅಂದರೆ ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ಟೂಲ್. ಅದನ್ನು ನೋಡಿಕೊಳ್ಳುತ್ತಿದ್ದ, ನಂಬಿಕೆ ಗಳಿಸಿದ ಮೇಂಟೇನರೇ ಹಿಂಬಾಗಿಲು ಇಟ್ಟಿದ್ದ. ಬಂದಿದ್ದು ಅಧಿಕೃತ ರಿಲೀಸ್‌ನಲ್ಲೇ. ಅದನ್ನು ಹಿಡಿದಿದ್ದು ಯಾವ ಫೈರ್‌ವಾಲೂ ಅಲ್ಲ. ದೂರದ ಮಷೀನಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆ ಅಂತ ಕೆದಕಿ ನೋಡಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್. ಕೆದಕಿ ನೋಡುವ ಬುದ್ಧಿ ಬೇಕಾಗಿರುವಾಗ ನಾವು ಹೊಸಬರಿಗೆ ಎರರ್ ಬಂದರೆ ಬಾಯಿ ಮುಚ್ಚಿಸೋದು ಹೇಗೆ ಅಂತ ಕಲಿಸುತ್ತಿದ್ದೇವೆ.

ಫೈರ್‌ವಾಲ್ ತೆಗೀರಿ ಅಂತ ನಾನು ಹೇಳುತ್ತಿಲ್ಲ. ಒಳಗೇ ಒಂದು ಮಿರರ್, ಅಂದರೆ ಪ್ಯಾಕೇಜ್‌ಗಳ ನಕಲು ಸಿಗುವ ಸರ್ವರ್, ಇಡಿ. ನೆಕ್ಸಸ್ ಆಗಲಿ, ಆರ್ಟಿಫ್ಯಾಕ್ಟರಿ ಆಗಲಿ, ದುಡ್ಡಿಲ್ಲ ಅಂದರೆ ಡೆವ್‌ಪಿಐ. ಕೆಟ್ಟ ವರ್ಶನ್‌ಗಳನ್ನು ಅಲ್ಲೇ ತಡೆಯಿರಿ, ನನ್ನ ತಕರಾರಿಲ್ಲ. ಕಂಪನಿಯ ರೂಟ್ ಸರ್ಟಿಫಿಕೇಟನ್ನು ಕೇಳುವ ಮೊದಲೇ ಕೊಡಿ. ಪಿಪ್ ಕಾನ್ಫಿಗ್‌ನಲ್ಲಿ 'ಸರ್ಟ್' ಅಂತ ಒಂದು ಸಾಲು, ನೋಡ್‌ಗೆ 'ನೋಡ್ ಎಕ್ಸ್‌ಟ್ರಾ ಸಿಎ ಸರ್ಟ್ಸ್' ಅಂತ ಒಂದು ವೇರಿಯಬಲ್. ಹೊಸಬರಿಗೆ ಲ್ಯಾಪ್‌ಟಾಪ್ ಕೊಡುವಾಗಲೇ ಇವು ಅದರಲ್ಲಿ ಇರಬೇಕು. ನೆಟ್‌ವರ್ಕ್ ಟೀಮಿನಲ್ಲಿರುವ ಗೆಳೆಯರೇ, ಬರೆಯೋಕೆ ಟೈಮ್ ಇಲ್ಲ ಅಂದರೆ ಹೇಳಿ. ಇವನ್ನೆಲ್ಲ ಲ್ಯಾಪ್‌ಟಾಪ್‌ಗೆ ಹಾಕುವ ಸ್ಕ್ರಿಪ್ಟ್ ನಾನೇ ಬರೆದುಕೊಡುತ್ತೇನೆ.