ಮೀನು ಅಂಟಲಿಲ್ಲ

ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದ್ದ ಮೀನನ್ನು ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಗೋವಾಕ್ಕೆ ಹೋದಾಗ ತಂದ ಮ್ಯಾಗ್ನೆಟ್ ಅದು. ಮೂರು ವರ್ಷದಿಂದ ಕರೆಂಟ್ ಬಿಲ್ಲು ಹಿಡಿದು ನಿಂತಿತ್ತು.

"ಅದ್ಯಾಕ್ರಿ ಮೀನು?" ಎಂದಳು ಹೆಂಡತಿ.

"ಕಾರು ನೋಡಲಿಕ್ಕೆ."

ಇಪ್ಪತ್ತೆರಡು ವರ್ಷದ ಸಂಸಾರ. ಇಂಥ ಉತ್ತರಕ್ಕೆ ಅವಳು ಈಗ ಬೆಚ್ಚುವುದಿಲ್ಲ. ಸೀರೆ ಬದಲಿಸಿಕೊಂಡು ತಾನೂ ಹೊರಟಳು. ನನ್ನನ್ನು ಒಬ್ಬನೇ ಕಳಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಹಾರ್ಮೋನಿಯಂ, ಒಂದು ಟೆಲಿಸ್ಕೋಪು ನಮ್ಮ ಅಟ್ಟದ ಮೇಲೆ ಸಾಕ್ಷಿಯಾಗಿ ಮಲಗಿವೆ.

ಕಾರಿನ ಮಾಲೀಕರು ಸದಾಶಿವ ಪೇಠೆಯ ಕಾಕಾ. ಮೂಲ ನಮ್ಮ ಧಾರವಾಡದ ಕಡೆಯವರೇ, ಆದರೆ ಪುಣೆಗೆ ಬಂದು ಐವತ್ತು ವರ್ಷ ದಾಟಿದೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಕ್ಕಿದ್ದರು. "ತಮ್ಮಾ, ನನ್ನ ಕಡೆ ಒಂದು ಸ್ಪಿಟ್‌ಫೈರ್ ಅದ, ಕೊಡೋದದ" ಎಂದರು, ಮನೆಯಲ್ಲೊಂದು ಗ್ಯಾಸ್ ಸಿಲಿಂಡರ್ ಹೆಚ್ಚಿಗೆ ಇದೆ ಎನ್ನುವ ಧಾಟಿಯಲ್ಲಿ. ನನ್ನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ಡಾಕ್ಟರ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಕಾರು. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುತ್ತಿತ್ತು, ಮೊಸಳೆ ಬಾಯಿ ಹಾಗೆ. ನೋಡಲಿಕ್ಕೆ ನಾವು ಸಾಲೆ ತಪ್ಪಿಸುತ್ತಿದ್ದೆವು. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಇದೇ ಹೆರಾಲ್ಡಿನ ತಂಗಿ. 1962ರಲ್ಲಿ ಹುಟ್ಟಿದ ಎರಡು ಸೀಟಿನ, ತಲೆ ಮೇಲೆ ಸೂರಿಲ್ಲದ ತಂಗಿ. ಇಬ್ಬರ ಅಂಗಿ ಹೊಲಿದವನೂ ಒಬ್ಬನೇ, ಇಟಲಿಯ ಮಿಕೆಲೊಟ್ಟಿ. ಹೆಸರು ಮಹಾಯುದ್ಧದ ವಿಮಾನದ್ದು. ಇಷ್ಟು ಗೊತ್ತಿದ್ದವನು ಸುಮ್ನೆ ಹೋಳಿಗೆ ತಿಂದು ಮನೆಗೆ ಬರಲಿಕ್ಕೆ ಆಗುತ್ತದೆಯೇ?

ಕಾಕಾ ಅವರ ವಾಡೆಯ ಗೇಟಿನ ಮೇಲೆ ಬೋರ್ಡು: 'ಬೆಲ್ ಒಂದೇ ಸಲ ಒತ್ತಿ, ನಾವು ಕಿವುಡರಲ್ಲ. ಮಧ್ಯಾಹ್ನ 1ರಿಂದ 4 ಒತ್ತಲೇಬೇಡಿ, ಆಗ ಕಿವುಡರು.' ಮರಾಠಿಯಲ್ಲಿತ್ತು. ಕನ್ನಡದವರು ಪುಣೆಯಲ್ಲಿ ಪೂರ್ತಿ ಬೇರು ಬಿಟ್ಟಿದ್ದಾರೆ ಅನ್ನುವುದಕ್ಕೆ ಬೇರೆ ಪುರಾವೆ ಬೇಡ. ಗಂಟೆ ಹನ್ನೆರಡು ಆಗಿತ್ತು. ಒಂದೇ ಸಲ ಒತ್ತಿದೆ.

ನಮ್ಮ ಮೆಕ್ಯಾನಿಕ್ಕು ಮೊದಲೇ ಬಂದು ಕೂತಿದ್ದ. ಇಂಡಿ ಕಡೆಯವನು, ವಾರ್ಜೆಯಲ್ಲಿ ಗ್ಯಾರೇಜು. ಕೂತದ್ದು ಎಲ್ಲಿ ಅಂದರೆ ಕಾರಿನ ಮುಂದಿನ ಟೈರಿನ ಮೇಲೆ. ಬಾನೆಟ್ಟು ಪೂರ್ತಿ ಎದ್ದರೆ ಟೈರೇ ಸ್ಟೂಲು. ಹಾಗೇ ಕೂತು ಎಂಜಿನ್ನಿಗೆ ಕೈ ಹಾಕಬಹುದು. ಇಷ್ಟು ಸೌಕರ್ಯ ಯಾವ ಹೊಸ ಕಾರಿನಲ್ಲಿದೆ ಹೇಳಿ.

ಕೆಂಪು ಕಾರು. 1968ರದು. ಸೊಂಟದ ಎತ್ತರಕ್ಕೇ ಮುಗಿದುಬಿಡುತ್ತದೆ. ನೋಡಿದ ಕೂಡಲೇ ನನ್ನ ಮುಖದಲ್ಲಿ ಏನೋ ಆಗಿರಬೇಕು, ಹೆಂಡತಿ ಮೊಣಕೈಯಿಂದ ತಿವಿದಳು. ಬೆಲೆ ಮಾತಾಡುವ ಮೊದಲು ಹಲ್ಲು ಕಾಣಿಸಬಾರದು ಅಂತ ಅರ್ಥ.

"ಸ್ಪಿಟ್‌ಫೈರ್ ಅಂದ್ರ ಬೆಂಕಿ ಉಗುಳೋದು" ಎಂದರು ಕಾಕಾ.

ಹೆಂಡತಿ ಕೆಳಗೆ ನೋಡಿದಳು. ಎಂಜಿನ್ನಿನ ಅಡಿ ಒಂದು ಹಳೇ ಪರಾತ ಇಟ್ಟಿದ್ದರು. "ಇದು ಎಣ್ಣಿ ಉಗುಳಾಕತ್ತದ ಕಾಕಾ."

ಮಾಡಿಫೈ ಆದದ್ದು ಅಲ್ಲಿಂದಲೇ ಶುರು. ಒಳಗಿರುವುದು ಟ್ರಯಂಫಿನ ಎಂಜಿನ್ ಅಲ್ಲ, ಮಾರುತಿ ಜಿಪ್ಸಿಯದು. ಗೇರ್‌ಬಾಕ್ಸೂ ಅದರದೇ. ಸೀಟು ಯಾವುದೋ ಹ್ಯಾಚ್‌ಬ್ಯಾಕಿನದು, ಹಾರ್ನ್ ರಿಕ್ಷಾದ್ದು, ಸ್ಪೀಡೋಮೀಟರು ಯಾರದೆಂದು ಅದಕ್ಕೇ ನೆನಪಿಲ್ಲ. "ಮೊದಲಿಂದು 1296 ಸಿಸಿ. ಈಗಿಂದು 1298. ಎರಡು ಸಿಸಿ ಜಾಸ್ತೀನ ಕೊಡಾಕತ್ತೀನಿ" ಎಂದರು ಕಾಕಾ, ತೂಕದ ಮೇಲೆ ಒಂದು ಹಿಡಿ ಬದನೆಕಾಯಿ ಹೆಚ್ಚಿಗೆ ಹಾಕುವ ಕಾಯಿಪಲ್ಯೆಯವಳ ಹಾಗೆ.

"ಹಳೇ ಎಂಜಿನ್ ಎಲ್ಲದ?"

"ಮೆಟ್ಟಿಲ ಕೆಳಗ."

ಹೋಗಿ ನೋಡಿದರೆ ಹೌದು, ಇತ್ತು. ಅದರ ಮೇಲೆ ಹಳೇ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಉಪ್ಪಿನಕಾಯಿ ಭರಣಿ. "ಎಂಜಿನ್ ಗಾಡಿ ಜೋಡಿ ಬರ್ತದ. ಭರಣಿ ಬರೂದಿಲ್ಲ."

ಮೆಕ್ಯಾನಿಕ್ಕಿನ ಅಭಿಪ್ರಾಯ ಕೇಳಿದೆ. "ಸರ, ಓಡತದ. ಪಾರ್ಟೂ ಸಿಗತಾವ. ಆದರ ಇದು ಕಾರಲ್ರಿ, ಖಿಚಡಿ."

ನನಗೆ ಖಿಚಡಿ ಬಗ್ಗೆ ತಕರಾರಿಲ್ಲ. ಲಂಡನ್ನಿನಿಂದ ಕಾರ್ಬುರೇಟರಿನ ರಬ್ಬರು ತರಿಸಿಕೊಂಡು ತಿಂಗಳುಗಟ್ಟಲೆ ಕಾಯುವುದಕ್ಕಿಂತ ಓಣಿಯ ಅಂಗಡಿಯಲ್ಲಿ ಸಿಗುವ ಎಂಜಿನ್ ಎಷ್ಟೋ ವಾಸಿ. ತಕರಾರು ಇರುವುದು ಸರ್ಕಾರಕ್ಕೆ. ಹಿಂದಿನ ರಾತ್ರಿ ಎರಡು ಗಂಟೆತನಕ ಕೂತು ಕಾನೂನು ಓದಿದ್ದೆ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ವಿಂಟೇಜ್. 20 ಸಾವಿರ ಕಟ್ಟಿದರೆ 'ವಿಎ' ಅಕ್ಷರದ ನಂಬರ್ ಪ್ಲೇಟು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಜಿಪ್ಸಿ ಹೊಟ್ಟೆಯ ಸ್ಪಿಟ್‌ಫೈರಿಗೆ ಆ ಭಾಗ್ಯವಿಲ್ಲ. ಸರಿ, ಸಾಮಾನ್ಯ ಕಾರು ಅಂತಲೇ ಇಟ್ಟುಕೊಳ್ಳೋಣ ಅಂದರೆ ಮೋಟಾರು ಕಾಯ್ದೆಯ 52ನೇ ಕಲಂ ಬಾಗಿಲಲ್ಲೇ ನಿಂತಿದೆ. ಕಂಪನಿ ಕೊಟ್ಟ ರೂಪ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಎಂಜಿನ್ ಬದಲಿಸಿದರೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಏರಿಸಬೇಕು. ಕಾಕಾ ಅವರ ಆರ್‌ಸಿಯಲ್ಲಿ ಇನ್ನೂ ಇರುವುದು ಭರಣಿ ಹೊತ್ತ ಎಂಜಿನ್ನಿನ ನಂಬರು. ಅಂದರೆ ಕಾಗದದ ಪ್ರಕಾರ ರಸ್ತೆ ಮೇಲೆ ಓಡಬೇಕಾದದ್ದು ಮೆಟ್ಟಿಲ ಕೆಳಗಿದೆ. ನಾಳೆ ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸಿನವನು ಎದುರಿಗೆ ಬರಲಿಕ್ಕಿಲ್ಲ.

ಹಾಗಾದರೆ ಹಳೇ ಎಂಜಿನ್ ಮತ್ತೆ ಕೂರಿಸಿ ವಿಂಟೇಜ್ ಮಾಡಿಸಿದರೆ? ಆಗ ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಮಾತ್ರ ಹೊರಗೆ ತೆಗೆಯಬೇಕಂತೆ. ದಿನಬಳಕೆಗೆ ಇಲ್ಲ. ಕಾಯಿಪಲ್ಯೆ ಮಂಡಈಗೆ ಹೋಗಿ ಒಂದು ಕಟ್ಟು ಮೆಂತ್ಯ ತರುವ ಹಾಗಿಲ್ಲ. ಇಂಥ ಕಾರಿಗೆ ಕಾಕಾ ಕೇಳಿದ್ದು ಒಂಬತ್ತು ಲಕ್ಷ.

ಈಗ ಮೀನನ್ನು ಹೊರಗೆ ತೆಗೆದೆ. ಹಳೇ ಕಾರಿನ ತಗಡು ನಿಜವೋ, ತುಕ್ಕು ಮುಚ್ಚಲಿಕ್ಕೆ ಪುಟ್ಟಿ ಮೆತ್ತಿದ್ದೋ ತಿಳಿಯಲಿಕ್ಕೆ ಮ್ಯಾಗ್ನೆಟ್ಟಿಗಿಂತ ದೊಡ್ಡ ಪಂಡಿತನಿಲ್ಲ. ಬಾನೆಟ್ಟಿಗೆ ಇಟ್ಟೆ. ಟಪ್ಪಂತ ಅಂಟಿತು. ಡಿಕ್ಕಿಗೂ ಅಂಟಿತು. ಬಾಗಿಲ ಕೆಳಗಿನ ಪಟ್ಟಿ, ಅದೇ ಸಿಲ್ ಅನ್ನುತ್ತಾರಲ್ಲ, ಅಲ್ಲಿಗೆ ಇಟ್ಟೆ. ಮೀನು ಒಂದು ಕ್ಷಣ ಯೋಚಿಸಿತು. ಮೆಲ್ಲಗೆ ಜಾರಿತು. ಕಲ್ಲುಹಾಸಿನ ಮೇಲೆ 'ಟಕ್' ಎಂದಿತು. ಇನ್ನೊಂದು ಜಾಗದಲ್ಲಿ ಇಟ್ಟೆ. ಟಕ್. ಆ ಕಡೆ ಬಾಗಿಲಿಗೆ ಹೋದೆ. ಟಕ್.

"ಮ್ಯಾಗ್ನೆಟ್ ಹಳೇದಾಗೇದ" ಎಂದರು ಕಾಕಾ. ನಾನು ಮಾತಾಡದೆ ಮೀನನ್ನು ತಂದು ಬಾನೆಟ್ಟಿನ ಮೇಲೇ ಅಂಟಿಸಿದೆ. ಅಲ್ಲಿ ಗಟ್ಟಿಯಾಗಿ ಕೂತಿತು.

ಇಷ್ಟಾದ ಮೇಲೂ ಒಳಗೆ ಕೂರದೆ ಹೋಗಲಿಕ್ಕೆ ಮನಸ್ಸು ಬರಲಿಲ್ಲ. ನಾನು ಸ್ಟಿಯರಿಂಗ್ ಮುಂದೆ ಕೂತೆ, ಅಂದರೆ ಬಿದ್ದೆ. ಹೆಂಡತಿ ಪಕ್ಕಕ್ಕೆ ಬಂದಳು. "ಹಾಸಿಗಿ ಮ್ಯಾಲ ಕೂತಂಗ ಆತ್ರಿ" ಎಂದು ಬಾಗಿಲು ಎಳೆದುಕೊಂಡಳು. ನಾನೂ ಎಳೆದುಕೊಂಡೆ. ಅಡಿಯಿಂದ ಎಲ್ಲೋ 'ಕಟ್' ಅಂತ ಸಣ್ಣ ಸದ್ದು ಬಂತು.

ಮೆಕ್ಯಾನಿಕ್ಕಿನ ಮುಖ ಸಣ್ಣದಾಯಿತು. "ಸರ, ಬಾಗಲಾ ತಗೀರಿ ನೋಡೂಣು."

ಬಾಗಿಲು ತೆಗೆಯಲಿಕ್ಕೆ ಬರಲಿಲ್ಲ. ಅವಳದೂ ಬರಲಿಲ್ಲ. ಮೆಕ್ಯಾನಿಕ್ಕು ವಿವರಿಸಿದ. ಹೆರಾಲ್ಡಿನ ಚಾಸಿಗೆ ಎರಡೂ ಬದಿಗೆ ಆಧಾರ ಇರುತ್ತದೆ. ಸ್ಪಿಟ್‌ಫೈರಿಗೆ ಅದಿಲ್ಲ, ಸಿಲ್ಲೇ ಭಾರ ಹೊರಬೇಕು. ಸಿಲ್ಲು ತುಕ್ಕು ತಿಂದು, ಮೇಲೆ ಪುಟ್ಟಿ ಬಿದ್ದಿದ್ದರೆ, ಇಬ್ಬರು ಕೂತಾಗ ನವಾರು ಸಡಿಲಾದ ಮಂಚದ ಹಾಗೆ ನಡುವೆ ಬಾಗುತ್ತದೆ. ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಠ ಚೆನ್ನಾಗಿತ್ತು. ಬೆಂಚಿನ ಮೇಲೆ ಕೂತು ಕೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಅಷ್ಟರಲ್ಲಿ ಒಳಗಿನ ಗಡಿಯಾರ ಒಂದು ಹೊಡೆಯಿತು. ಕಾಕಾ ಎದ್ದರು. "ನೀವು ನೋಡ್ಕೋರಿ, ಅವಸರಿಲ್ಲ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಮೆಕ್ಯಾನಿಕ್ಕು ಒಂದು ಮಣೆ ತಂದು ಹೊರಗಡೆ ಇಟ್ಟ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಮೇಲೆ ನಿಂತು, ನನ್ನ ತಲೆಯನ್ನು ಊರುಗೋಲು ಮಾಡಿಕೊಂಡು ಬಾಗಿಲು ದಾಟಿದಳು. ಎದುರು ಮಹಡಿಯ ಮೂರು ಕಿಟಕಿ ತೆರೆದವು. ಅವಳ ಕಾಲು ಮಣೆ ಮುಟ್ಟಿದ ಕೂಡಲೇ ಕಾರು ಉಸಿರು ಬಿಟ್ಟಂತೆ ಮೇಲೆದ್ದಿತು. ನನ್ನ ಬಾಗಿಲು ತಾನಾಗಿ ತೆರೆದುಕೊಂಡಿತು.

ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು. "ತೂಕ ಯಾರದು ಅಂತ ಹೇಳಾಕತ್ತದೇನ್ರಿ ಇದು?" ನಾನು ಕಾರಿನ ಪರ ವಹಿಸಲಿಲ್ಲ. ಅಷ್ಟು ಬುದ್ಧಿ ಇದೆ.

ದಾರಿಯುದ್ದಕ್ಕೂ ರಿಕ್ಷಾದಲ್ಲಿ ಮಾತಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ಸಿಲ್ಲು ಕತ್ತರಿಸಿ ಹೊಸ ತಗಡು ಬೆಸೆಯುತ್ತಿದ್ದೆ. ಮನೆಗೆ ಬಂದು ಫ್ಯಾನ್ ಹಾಕಿದರೆ ಕರೆಂಟ್ ಬಿಲ್ಲು ಹಾರಿ ಬಂದು ಕಾಲಿಗೆ ಬಿತ್ತು. ಆಗ ಮೀನಿನ ನೆನಪಾಯಿತು.

ನಾಲ್ಕು ಗಂಟೆ ಒಂದು ನಿಮಿಷಕ್ಕೆ ಫೋನ್ ಬಂತು. ನನ್ನ ಕೈ ಸಾಬೂನಿನಲ್ಲಿತ್ತು, ಹೆಂಡತಿಯೇ ಸ್ಪೀಕರಿಗೆ ಹಾಕಿ ಹಿಡಿದಳು.

"ತಮ್ಮಾ, ಬಾನೆಟ್ಟಿನ ಮ್ಯಾಲ ಮೀನ ಬಿಟ್ಟು ಹೋಗೀದಿ" ಎಂದರು ಕಾಕಾ. "ಗಾಡಿಗೆ ಅಡ್ವಾನ್ಸ್ ಕೊಟ್ಟೀದಿ ಅಂತ ತಿಳ್ಕೊಳ್ಲೇನು?"