ಬ್ಯಾಕಪ್ ಇದೆ ಸರ್!

ನಿನ್ನೆ ರಾತ್ರಿ ಹತ್ತೂವರೆಗೆ ಫೋನ್. ಹಳೇ ಪರಿಚಯದವರ ಆಫೀಸು, ಹೆಸರು ಬೇಡ. ಲಿನಕ್ಸ್ ಸರ್ವರ್‌ನಲ್ಲಿ ಯಾರೋ ಹುಡುಗ ತಪ್ಪು ಫೋಲ್ಡರ್‌ನಲ್ಲಿ ನಿಂತು ಆರ್‌ಎಂ, ಅಂದರೆ ಫೈಲ್ ಅಳಿಸುವ ಕಮಾಂಡ್, ಹೊಡೆದಿದ್ದಾನೆ. ಎಲ್ಲರ ಫೈಲ್ ಇರುವ ಹೋಮ್ ಫೋಲ್ಡರ್ ಪೂರ್ತಿ ಖಾಲಿ. "ತಲೆಬಿಸಿ ಇಲ್ಲ, ದಿನಾ ಟೇಪ್ ಬ್ಯಾಕಪ್ ಆಗುತ್ತೆ, ನೀವು ಬಂದು ತೆಗೆದುಕೊಟ್ಟರೆ ಸಾಕು" ಅಂದರು. ಈ ಮಾತು ಕೇಳಿದರೇನೇ ನನಗೆ ತಲೆಬಿಸಿ ಶುರು.

ಹೋಗಿ ನೋಡಿದೆ. ಟೇಪ್ ಡ್ರೈವ್ ಮೇಲೆ ಆಯುಧ ಪೂಜೆಯ ಕುಂಕುಮ ಇನ್ನೂ ಇದೆ. ಸೋಮವಾರದಿಂದ ಶುಕ್ರವಾರಕ್ಕೆ ಐದು ಟೇಪ್, ಮುದ್ದಾದ ಅಕ್ಷರದ ಲೇಬಲ್. ಲಾಗ್ ತುಂಬ 'ಸಕ್ಸಸ್'. ಟೇಪಿಗೆ ಫೈಲ್ ಕಟ್ಟಿಡುವ, ಬಿಚ್ಚುವ ಟಾರ್ ಕಮಾಂಡ್ ಹಾಕಿ ಪಟ್ಟಿ ತೆಗೆದರೆ ಬಂದದ್ದು ಬರೀ ಇಟಿಸಿ, ಸಿಸ್ಟಂ ಸೆಟ್ಟಿಂಗ್‌ಗಳ ಫೋಲ್ಡರ್. ಹೋಮ್ ಎಲ್ರೀ? ಟೇಪ್ ಓಡಿಸುವ ಎಂಟಿ ಕಮಾಂಡ್ ಕೊಟ್ಟು ಮುಂದಿನ ಫೈಲ್‌ಮಾರ್ಕ್ (ಒಂದು ಬ್ಯಾಕಪ್ ಮುಗಿದ ಗುರುತು) ದಾಟಿದೆ. ಏನೂ ಇಲ್ಲ.

ಬ್ಯಾಕಪ್ ಮಾಡುವ ಸ್ಕ್ರಿಪ್ಟ್ ತೆರೆದಾಗ ಗೊತ್ತಾಯಿತು. ಮೊದಲು ಹೋಮ್, ಆಮೇಲೆ ಇಟಿಸಿ, ಎರಡನ್ನೂ ಎಸ್‌ಟಿ0 ಅನ್ನುವ ಹೆಸರಿಗೆ ಬರೆದಿದ್ದಾರೆ. ಒಂದೇ ಟೇಪ್ ಡ್ರೈವ್‌ಗೆ ಎರಡು ಹೆಸರು. ಎಸ್‌ಟಿ0 ಅಂದರೆ ಕೆಲಸ ಮುಗಿದ ಕೂಡಲೇ ಟೇಪನ್ನು ಮೊದಲಿಗೆ ಸುತ್ತಿಬಿಡುತ್ತದೆ. ನಿಂತಲ್ಲೇ ನಿಲ್ಲುವುದು ಎನ್‌ಎಸ್‌ಟಿ0. ಆ 'ಎನ್' ಇಲ್ಲ. ದಿನಾ ರಾತ್ರಿ ಹೋಮ್ ಬರೆದು, ಹಿಂದಕ್ಕೆ ಸುತ್ತಿ, ಅದರ ತಲೆ ಮೇಲೇ ಇಟಿಸಿ! ಹೋಮ್‌ನ ಬಾಲ ಟೇಪಿನಲ್ಲಿ ಎಲ್ಲೋ ಇದೆ. ಆದರೆ ಇಟಿಸಿ ಮುಗಿದಲ್ಲಿ 'ಡೇಟಾ ಇಲ್ಲಿಗೆ ಮುಗೀತು' ಅಂತ ಗುರುತು ಬಿದ್ದಿರುತ್ತದೆ, ಅದನ್ನು ದಾಟಿ ಡ್ರೈವ್ ಓದುವುದಿಲ್ಲ. 1979ರಿಂದ ದುಡಿಯುತ್ತಿರುವ ಪಾಪದ ಟಾರ್ ಸುಳ್ಳು ಹೇಳಿಲ್ಲ. ಎರಡು ಸಲವೂ ಸಕ್ಸಸ್ಸೇ.

"ಯಾವತ್ತಾದರೂ ಒಂದು ಫೈಲ್ ವಾಪಸ್ ತೆಗೆದು ನೋಡಿದ್ರಾ?"

"ಅವಶ್ಯಕತೆ ಬಿದ್ದಿರಲಿಲ್ಲ ಸರ್."

ಕುಂಕುಮದ ಅವಶ್ಯಕತೆ ಇತ್ತು!

ಈಗ ಬರ್ತೀರಿ ಕಾಮೆಂಟಿಗೆ, "ಟೇಪ್ ಯಾರು ಬಳಸ್ತಾರೆ, ಕ್ಲೌಡ್ ಇದೆಯಲ್ಲಾ" ಅಂತ. 2011ರಲ್ಲಿ ಜಿಮೇಲ್‌ನಲ್ಲಿ ಒಂದಷ್ಟು ಜನರ ಮೇಲ್ ಮಾಯವಾದಾಗ ಗೂಗಲ್ ವಾಪಸ್ ತಂದದ್ದು ಟೇಪಿನಿಂದಲೇ. 2017ರ ಜನವರಿ 31ರಂದು ಪ್ರೋಗ್ರಾಂ ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನವರ ಡೇಟಾಬೇಸ್ ಅಳಿಸಿಹೋದಾಗ ಟೇಪ್ ಕಥೆಯೇ ಅಲ್ಲ. ಡೇಟಾಬೇಸನ್ನು ಕಾಪಿ ಮಾಡುವ ಪಿಜಿ_ಡಂಪ್‌ನ ವರ್ಷನ್ ಡೇಟಾಬೇಸಿಗೆ ಹೊಂದದೆ ಬ್ಯಾಕಪ್ ಫೇಲ್ ಆಗುತ್ತಿತ್ತು, ಫೇಲ್ ಆಯ್ತು ಅನ್ನುವ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಪಡಿಯಚ್ಚು) ಒಂದು ಸಿಕ್ಕಿ ಬಚಾವಾದರು. ತೆಗೆದು ನೋಡದಿದ್ದರೆ ಟೇಪಾದರೇನು, ಕ್ಲೌಡಾದರೇನು?

ಸರಿ, ನಾನೇನು ಸಾಚಾ ಅಲ್ಲ. ಸೋಲಾರಿಸ್ ಅನ್ನುವ ಹಳೇ ಯುನಿಕ್ಸ್ ಕಾಲದಲ್ಲಿ ಅಕೌಂಟ್ಸ್ ಮೇಡಂ ನಿನ್ನೆಯ ಫೈಲ್ ಒಂದನ್ನು ಪಕ್ಕದಲ್ಲಿಟ್ಟು ನೋಡಬೇಕು ಅಂದರು. ಟೇಪಿನಲ್ಲಿ ಪೂರ್ತಿ ಪಾಥ್ (ಸ್ಲ್ಯಾಶ್‌ನಿಂದ ಶುರುವಾಗುವ ಫೈಲಿನ ವಿಳಾಸ) ಸಮೇತ ಬರೆದಿತ್ತು. ಈಗ ಲಿನಕ್ಸ್‌ನಲ್ಲಿರುವ ಗ್ನೂ ಟಾರ್ ಆದರೆ ಆ ಮೊದಲ ಸ್ಲ್ಯಾಶ್ ಕಿತ್ತುಹಾಕುತ್ತದೆ, ಫೈಲ್ ನಾವು ನಿಂತ ಫೋಲ್ಡರ್‌ಗೇ ಬರುತ್ತದೆ. ಆ ಟಾರ್ ಹಾಗಲ್ಲ, ನೇರ ಮೂಲ ಜಾಗಕ್ಕೇ ಹೋಗಿ ಕೂತಿತು. ಅವರ ಆ ದಿನದ ಕೆಲಸವೆಲ್ಲಾ ನನ್ನ ಒಂದು ಎಂಟರ್‌ಗೆ ಹೋಯಿತು. ಮೇಡಂ ಬೈಯಲಿಲ್ಲ. ಸುಮ್ನೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ಬೆಳಗಿನ ಜಾವ ಮೂರರವರೆಗೆ ಐದೂ ಟೇಪ್ ನೋಡಿದೆ. ಐದರಲ್ಲೂ ಇಟಿಸಿ. ಇಟಿಸಿಯೊಳಗಿನ ಹೋಸ್ಟ್ಸ್ ಫೈಲ್ ಐದು ಕಾಪಿ ಇದೆ, ಯಾರಿಗಾದರೂ ಬೇಕಾದರೆ ಹೇಳಿ.